ಬೀಗ ಹಾಕಿದ ಕೋಣೆಯ ಮೋಹ

ನಡುರಾತ್ರಿ. ಕಡಲ ದಂಡೆಯ ಬಂಡೆಯ ಮೇಲೊಂದು ಪುರಾತನ ಬಂಗಲೆ. ಅದರ ಹತ್ತಾರು ಕಿಟಕಿಗಳಲ್ಲಿ ಒಂದರಲ್ಲಿ ಮಾತ್ರ ಮಂದವಾದ ದೀಪ. ಮುಂಭಾಗದಲ್ಲಿ ಬಿಳಿಯ ನಿಲುವಂಗಿಯ ತರುಣಿಯೊಬ್ಬಳು ಕೂದಲು ಕೆದರಿಕೊಂಡು, ಹಿಂದಿರುಗಿ ಆ ಕಿಟಕಿಯನ್ನು ನೋಡುತ್ತಲೇ ಓಡುತ್ತಿದ್ದಾಳೆ. 1960ರ ದಶಕದಲ್ಲಿ ಅಮೆರಿಕದ ಪುಸ್ತಕದಂಗಡಿಗಳಲ್ಲಿ, ಔಷಧದಂಗಡಿಗಳ ಮೂಲೆಯಲ್ಲಿ ನಿಲ್ಲಿಸಿದ ತಂತಿಯ ಗೂಡುಗಳಲ್ಲಿ, ಈ ಮುಖಚಿತ್ರ ಹೊತ್ತ ಅಗ್ಗದ ಕಾದಂಬರಿಗಳು ರಾಶಿರಾಶಿಯಾಗಿ ಬಂದು ರಾಶಿರಾಶಿಯಾಗಿ ಖರ್ಚಾದವು. ಶೀರ್ಷಿಕೆ ಬೇರೆ, ಲೇಖಕಿ ಬೇರೆ, ಬಂಗಲೆಯ ಹೆಸರು ಬೇರೆ. ಓಡುವ ಹುಡುಗಿ ಮಾತ್ರ ಅವಳೇ. ಉರಿಯುವ ದೀಪವೂ ಅದೇ.

ಕೊಂಡವರಲ್ಲಿ ಹೆಚ್ಚಿನವರು ಹೆಂಗಸರು. ವಿದ್ವಾಂಸರು ಈ ಪುಸ್ತಕಗಳತ್ತ ಕಣ್ಣೆತ್ತಿಯೂ ನೋಡಲಿಲ್ಲ. ನೋಡಿದವರು ನಕ್ಕು ಸುಮ್ಮನಾದರು. ಕೆಲಸವಿಲ್ಲದ ಹೆಂಗಸರ ಕಾಲಹರಣ ಎಂಬ ಮಾತು ಅಂದಿಗೂ ಇತ್ತು, ಇಂದಿಗೂ ಇದೆ. ಆದರೆ ನಗುವವರು ಒಂದು ಪ್ರಶ್ನೆಗೆ ಉತ್ತರ ಹೇಳಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮನೆಯೊಂದನ್ನು ನಡೆಸಿ ದಣಿದ ಗೃಹಿಣಿಯು, ಮಕ್ಕಳು ಮಲಗಿದ ಮೇಲೆ ಸಿಗುವ ಒಂದು ಗಂಟೆಯ ಬಿಡುವಿನಲ್ಲಿ, ಮನೆಯಿಂದ ಓಡಿಹೋಗುತ್ತಿರುವ ಇನ್ನೊಬ್ಬ ಹೆಣ್ಣಿನ ಕಥೆಯನ್ನೇ ಏಕೆ ಆರಿಸಿಕೊಳ್ಳುತ್ತಾಳೆ?

ಈ ಜಾತಿಯ ಕಾದಂಬರಿಗೆ ಒಂದೇ ಮಾತಿನಲ್ಲಿ ಹೆಸರಿಡುವುದು ಕಷ್ಟ. ಪ್ರೇಮಕಥೆ ಎಂದರೆ ದೆವ್ವ ಮುನಿಸಿಕೊಳ್ಳುತ್ತದೆ. ದೆವ್ವದ ಕಥೆ ಎಂದರೆ ಪ್ರೇಮಿಗಳು ಒಪ್ಪುವುದಿಲ್ಲ. ಪತ್ತೇದಾರಿ ಎನ್ನೋಣವೆಂದರೆ ಕಥೆಯಲ್ಲಿ ಪತ್ತೇದಾರನೇ ಇರುವುದಿಲ್ಲ. ಎಲ್ಲವನ್ನೂ ಆ ಹುಡುಗಿಯೇ, ಒಬ್ಬಳೇ, ಕೈಯಲ್ಲೊಂದು ಮೇಣದ ಬತ್ತಿ ಹಿಡಿದುಕೊಂಡು, ಕಂಡುಹಿಡಿಯಬೇಕು. ಅನುರಾಗ, ಅತಿಮಾನುಷ, ಕೌತುಕ, ಈ ಮೂರೂ ಒಂದೇ ಸೂರಿನ ಕೆಳಗೆ ವಾಸಿಸುವ ಕಥೆ ಎನ್ನಬಹುದು. ಸೂರು ಎಂಬ ಮಾತು ಇಲ್ಲಿ ಅಲಂಕಾರಕ್ಕೆ ಬಂದುದಲ್ಲ. ಈ ಕಥೆಗಳಲ್ಲಿ ಮನೆಯೇ ಮುಖ್ಯ ಪಾತ್ರ.

ಇದರ ಮೂಲಪುರುಷ ಹೋರೇಸ್ ವಾಲ್ಪೋಲ್. ಇಂಗ್ಲೆಂಡಿನ ಪ್ರಧಾನಿಯಾಗಿದ್ದ ರಾಬರ್ಟ್ ವಾಲ್ಪೋಲರ ಮಗ. ಹಳೆಯ ಕಾಲದ ಕೋಟೆಗಳ ಹುಚ್ಚು ಹಿಡಿದು ಥೇಮ್ಸ್ ನದಿಯ ಬಳಿಯ ತನ್ನ ಮನೆಯನ್ನೇ ಒಂದು ಪುಟ್ಟ ಕೋಟೆಯಂತೆ ಕಟ್ಟಿಸಿಕೊಂಡಿದ್ದ ಶ್ರೀಮಂತ. 1764ರ ಬೇಸಗೆಯಲ್ಲಿ ಒಂದು ರಾತ್ರಿ, ಮಹಡಿಯ ಮೆಟ್ಟಿಲ ಕಟಕಟೆಯ ಮೇಲೆ ಉಕ್ಕಿನ ಕವಚ ತೊಟ್ಟ ದೈತ್ಯಾಕಾರದ ಕೈಯೊಂದನ್ನು ಕನಸಿನಲ್ಲಿ ಕಂಡು, ಆ ಸಂಜೆಯೇ ಬರೆಯಲು ಕುಳಿತನೆಂದು ಅವನೇ ಗೆಳೆಯನಿಗೆ ಬರೆದಿದ್ದಾನೆ. ಅದೇ ವರ್ಷದ ಡಿಸೆಂಬರಿನಲ್ಲಿ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಹೊರಬಂದಿತು. ಹಳೆಯ ಇಟಾಲಿಯನ್ ಗ್ರಂಥದ ಅನುವಾದವೆಂದು ಮೊದಲ ಮುದ್ರಣದಲ್ಲಿ ಸುಳ್ಳು ಹೇಳಿದ್ದ ಭೂಪ, ಪುಸ್ತಕ ಜನಪ್ರಿಯವಾದೊಡನೆ ಎರಡನೆಯ ಮುದ್ರಣದಲ್ಲಿ ಕರ್ತೃತ್ವವನ್ನು ಒಪ್ಪಿಕೊಂಡನು! ಇಂದು ಆ ಪುಸ್ತಕವನ್ನು ಓದುವವರಿಗೆ ಭಯಕ್ಕಿಂತ ನಗು ಹೆಚ್ಚು ಬಂದೀತು. ಮದುವೆಯ ದಿನವೇ ವರನ ಮೇಲೆ ಆಕಾಶದಿಂದ ಬೆಟ್ಟದಷ್ಟು ದೊಡ್ಡ ಶಿರಸ್ತ್ರಾಣ ಬಿದ್ದು ಅವನು ಅಪ್ಪಚ್ಚಿಯಾಗುತ್ತಾನೆ. ಆದರೆ ಅದರ ನಂತರದ ಒಂದು ಸನ್ನಿವೇಶ ಮಾತ್ರ ಹಳೆಯದಾಗಿಲ್ಲ. ಸತ್ತ ವರನ ತಂದೆ, ಹೆಂಡತಿ ಬದುಕಿರುವಾಗಲೇ, ಸೊಸೆಯಾಗಬೇಕಿದ್ದ ಹುಡುಗಿಯನ್ನು ತಾನೇ ಮದುವೆಯಾಗಲು ಹೊರಡುತ್ತಾನೆ. ಇಸಬೆಲ್ಲ ಎಂಬ ಆ ಹುಡುಗಿ ದೀಪ ಹಿಡಿದು ಕೋಟೆಯ ನೆಲಮಾಳಿಗೆಯ ದಾರಿಯಲ್ಲಿ ಓಡುತ್ತಾಳೆ. ಗಾಳಿ ಬೀಸಿ ದೀಪ ಆರುತ್ತದೆ. ಔಷಧದಂಗಡಿಯ ಮುಖಚಿತ್ರದ ಹುಡುಗಿಗೆ ಈಕೆಯೇ ಮುತ್ತಜ್ಜಿ.

ಕಪ್ಪು ಪರದೆಯ ಹಿಂದೆ

ವಾಲ್ಪೋಲನು ಬಿತ್ತಿದ ಬೀಜವನ್ನು ಬೆಳೆಸಿ ಫಲ ತೆಗೆದವರು ಒಬ್ಬ ಹೆಣ್ಣುಮಗಳು. ಕಾಕತಾಳೀಯವೋ ಏನೋ, ಆನ್ ರ‍್ಯಾಡ್‌ಕ್ಲಿಫ್ ಹುಟ್ಟಿದ್ದೂ 1764ರಲ್ಲಿಯೇ. ತಂದೆ ಲಂಡನ್ನಿನ ಸಾಮಾನ್ಯ ವ್ಯಾಪಾರಿ. ಗಂಡ ಪತ್ರಿಕೆಯೊಂದರ ಸಂಪಾದಕ. ಪತ್ರಿಕೆಯ ಕೆಲಸ ಮುಗಿಸಿ ಆತ ತಡವಾಗಿ ಮನೆಗೆ ಬರುತ್ತಿದ್ದ ರಾತ್ರಿಗಳಲ್ಲಿ, ಅಗ್ಗಿಷ್ಟಿಕೆಯ ಮುಂದೆ ಒಬ್ಬರೇ ಕುಳಿತು ಆಕೆ ಬರೆಯುತ್ತಿದ್ದರಂತೆ. ಹಾಗೆ ಬರೆದ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೊ’ 1794ರಲ್ಲಿ ನಾಲ್ಕು ಸಂಪುಟಗಳಾಗಿ ಪ್ರಕಟವಾಯಿತು. ಹಸ್ತಪ್ರತಿಗೆ ದೊರೆತ ಸಂಭಾವನೆ 500 ಪೌಂಡು. ಅಂದಿನ ಕಾದಂಬರಿಕಾರರು ಕೇಳಿಯೂ ಅರಿಯದ ಮೊತ್ತ. ಮೂರು ವರ್ಷಗಳ ಬಳಿಕ ‘ದಿ ಇಟಾಲಿಯನ್’ ಕಾದಂಬರಿಗೆ 800 ಪೌಂಡು ಬಂದಿತು. ಇಟಲಿಯ ಪರ್ವತಗಳನ್ನು ಪುಟಗಟ್ಟಲೆ ವರ್ಣಿಸಿದ ಈ ಲೇಖಕಿ ಇಟಲಿಯನ್ನು ಕಂಡವರೇ ಅಲ್ಲ ಎಂಬುದು ಸ್ವಾರಸ್ಯ.

ತಾಯಿತಂದೆಯರನ್ನು ಕಳೆದುಕೊಂಡ ಎಮಿಲಿ ಎಂಬ ತರುಣಿ ಸೋದರತ್ತೆಯ ಆಶ್ರಯಕ್ಕೆ ಬರುತ್ತಾಳೆ. ಅತ್ತೆಯನ್ನು ಮದುವೆಯಾದ ಮೊಂಟೋನಿ ಇಬ್ಬರನ್ನೂ ಉಡಾಲ್ಫೊ ಎಂಬ ಬೆಟ್ಟದ ಕೋಟೆಗೆ ಕರೆದೊಯ್ಯುತ್ತಾನೆ. ಅಲ್ಲಿ ಅರ್ಧರಾತ್ರಿಯಲ್ಲಿ ಸಂಗೀತ ಕೇಳಿಸುತ್ತದೆ, ಗೋಡೆಗಳು ಮಾತನಾಡುತ್ತವೆ. ಒಂದು ಕೋಣೆಯಲ್ಲಿ ಗೋಡೆಗೆ ಕಪ್ಪು ಪರದೆ ಇಳಿಬಿಟ್ಟಿದೆ. ಎಮಿಲಿ ಅದನ್ನು ಸರಿಸಿ ನೋಡಿ ಮೂರ್ಛೆ ಹೋಗುತ್ತಾಳೆ. ಏನು ಕಂಡಳು? ಲೇಖಕಿ ಹೇಳುವುದಿಲ್ಲ. ನೂರಾರು ಪುಟಗಳು ಕಳೆದು, ಕಥೆಯೇ ಮುಗಿಯುವ ಹೊತ್ತಿಗೆ ತಿಳಿಯುವುದು: ಅದು ಕೊಳೆತ ಹೆಣದಂತೆ ಮಾಡಿದ ಮೇಣದ ಬೊಂಬೆ! ಸಂಗೀತಕ್ಕೆ ಕಾರಣ ಒಬ್ಬ ಸೆರೆಯಾಳು. ಅಗೋಚರವಾದ ಧ್ವನಿಗಳಿಗೆ ಕಾರಣ ಗೋಡೆಯೊಳಗಿನ ಗುಪ್ತ ದಾರಿ. ಒಂದೊಂದು ದೆವ್ವಕ್ಕೂ ಲೇಖಕಿಯ ಬಳಿ ಲೆಕ್ಕವುಂಟು.

ಮೇಣದ ಬೊಂಬೆಯ ವಿಷಯ ತಿಳಿದು ಅಂದಿನ ಓದುಗರಲ್ಲಿ ಹಲವರು ಮೋಸಹೋದೆವೆಂದು ಕೋಪಿಸಿಕೊಂಡರು. ಕೋಪ ನ್ಯಾಯವಾದುದೇ. ಆದರೆ ದೆವ್ವಗಳೆಲ್ಲ ಸುಳ್ಳಾದ ಮೇಲೆ ಆ ಕೋಟೆಯಲ್ಲಿ ನಿಜವಾಗಿ ಉಳಿಯುವುದೇನು ಎಂಬುದನ್ನು ಗಮನಿಸಬೇಕು. ಉಳಿಯುವುದು ಮೊಂಟೋನಿಯ ಕೈಯಲ್ಲಿರುವ ಕಾಗದ. ಹೆಂಡತಿಯ ಹೆಸರಿನಲ್ಲಿರುವ ಆಸ್ತಿಯನ್ನು ತನ್ನ ಹೆಸರಿಗೆ ಬರೆದುಕೊಡೆಂದು ಅವನು ಪೀಡಿಸುತ್ತಾನೆ. ಒಪ್ಪದ ಆಕೆಯನ್ನು ಗೋಪುರದಲ್ಲಿ ಕೂಡಿಹಾಕುತ್ತಾನೆ. ಕೊನೆಗೆ ಆಕೆ ನರಳಿ ಸಾಯುತ್ತಾಳೆ. ಆಮೇಲೆ ಅದೇ ಕಾಗದ ಎಮಿಲಿಯ ಮುಂದೆ ಬರುತ್ತದೆ. ಕಥೆ ನಡೆಯುವುದು ಹದಿನಾರನೆಯ ಶತಮಾನದ ಇಟಲಿಯಲ್ಲಿ. ಓದಿದವರಾದರೋ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಹೆಂಗಸರು. ಅವರ ದೇಶದ ಕಾನೂನಿನಲ್ಲಿ, ಮೊದಲೇ ಪ್ರತ್ಯೇಕವಾಗಿ ಕರಾರು ಮಾಡಿಸಿಕೊಳ್ಳದಿದ್ದರೆ, ಮದುವೆಯಾದ ಹೆಣ್ಣಿನ ಹಣ, ಒಡವೆ, ದುಡಿಮೆ ಎಲ್ಲವೂ ಗಂಡನ ಪಾಲಾಗುತ್ತಿದ್ದವು. ಆ ಸ್ಥಿತಿ ಬದಲಾಗಲು 1870 ಮತ್ತು 1882ರ ಶಾಸನಗಳು ಬರಬೇಕಾಯಿತು. ದೆವ್ವ ಸುಳ್ಳು, ಭಯ ನಿಜ. ರ‍್ಯಾಡ್‌ಕ್ಲಿಫ್ ಕಂಡುಕೊಂಡ ಗುಟ್ಟು ಇದು. ನೇರವಾಗಿ ಹೇಳಿದರೆ ಯಾರೂ ಕೇಳಲೊಲ್ಲದ ಭಯವನ್ನು ಕಪ್ಪು ಪರದೆಯ ಹಿಂದೆ ನಿಲ್ಲಿಸಿ ತೋರಿಸಿದರೆ, ಪರದೆಯನ್ನು ಸರಿಸಲು ಎಲ್ಲರೂ ಮುಂದಾಗುತ್ತಾರೆ.

ರ‍್ಯಾಡ್‌ಕ್ಲಿಫ್ ತೀರಿಕೊಂಡ ಮೇಲೆ, 1826ರಲ್ಲಿ, ಅವರ ಪ್ರಬಂಧವೊಂದು ಬೆಳಕು ಕಂಡಿತು. ಭೀತಿಗೂ ಜುಗುಪ್ಸೆ ಬೆರೆತ ಭಯಾನಕಕ್ಕೂ ಅದರಲ್ಲಿ ಭೇದ ಕಲ್ಪಿಸಿದ್ದಾರೆ. ಅವರ ಪ್ರಕಾರ ಮೊದಲನೆಯದು ಚೇತನವನ್ನು ಅರಳಿಸಿ ಎಚ್ಚರಗೊಳಿಸುತ್ತದೆ; ಎರಡನೆಯದು ಅದನ್ನು ಮರಗಟ್ಟಿಸುತ್ತದೆ. ಭಯಾನಕವನ್ನೂ ಬೀಭತ್ಸವನ್ನೂ ಬೇರೆ ಬೇರೆ ರಸಗಳೆಂದು ಎಣಿಸಿದ ನಮ್ಮ ಆಲಂಕಾರಿಕರಿಗೆ ಈ ಮಾತು ಹೊಸದೆನಿಸುತ್ತಿರಲಿಲ್ಲ. ಕಾಣದ ವಸ್ತುವೇ ಹೆಚ್ಚು ಹೆದರಿಸುತ್ತದೆ ಎಂಬುದನ್ನು ಇಂದಿನ ರಕ್ತಮಯ ಚಲನಚಿತ್ರಗಳ ನಿರ್ಮಾಪಕರು ಇನ್ನೂ ಕಲಿಯಬೇಕಾಗಿದೆ.

ಈ ಹುಚ್ಚನ್ನು ಕಂಡು ಮನಸಾರೆ ನಕ್ಕವರು ಜೇನ್ ಆಸ್ಟೆನ್. 1817ರ ಕೊನೆಯಲ್ಲಿ, ಅವರು ತೀರಿಕೊಂಡ ಕೆಲವು ತಿಂಗಳ ಬಳಿಕ, ಹೊರಬಂದ ‘ನಾರ್ಥ್ಯಾಂಗರ್ ಆ್ಯಬಿ’ಯ ನಾಯಕಿ ಕ್ಯಾಥರೀನಳಿಗೆ ಉಡಾಲ್ಫೊ ಓದಿ ಓದಿ ತಲೆ ತಿರುಗಿದೆ. ಅತಿಥಿಯಾಗಿ ಹೋದ ಹಳೆಯ ಮನೆಯಲ್ಲಿ, ಬಿರುಗಾಳಿಯ ರಾತ್ರಿ, ಬೀರುವಿನೊಳಗೆ ಒಂದು ಕಾಗದದ ಸುರುಳಿ ಸಿಕ್ಕುತ್ತದೆ. ದೀಪ ಆರಿಹೋಗುತ್ತದೆ; ರಾತ್ರಿಯೆಲ್ಲ ನಡುಗಿ, ಬೆಳಗ್ಗೆ ಬಿಚ್ಚಿ ನೋಡಿದರೆ, ಅಗಸರ ಲೆಕ್ಕದ ಚೀಟಿ! ಮನೆಯ ಯಜಮಾನ ಹೆಂಡತಿಯನ್ನು ಕೊಂದಿರಬೇಕೆಂಬ ಅವಳ ಗುಮಾನಿಯೂ ಹಾಗೆಯೇ ಹುಸಿಯಾಗುತ್ತದೆ. ಇಲ್ಲಿಗೇ ನಿಲ್ಲಿಸಿದ್ದರೆ ಅದು ಬರಿಯ ವಿಡಂಬನೆಯಾಗುತ್ತಿತ್ತು. ಆಸ್ಟೆನ್ ನಿಲ್ಲಿಸಲಿಲ್ಲ. ಹುಡುಗಿಯ ಬಳಿ ಹಣವಿಲ್ಲವೆಂದು ತಿಳಿದ ಕೂಡಲೆ ಅದೇ ಯಜಮಾನ ಅವಳನ್ನು ಮನೆಯಿಂದ ಹೊರದೂಡಿ, ಎಪ್ಪತ್ತು ಮೈಲಿಯ ದಾರಿಯನ್ನು ಒಂಟಿಯಾಗಿ ಪ್ರಯಾಣ ಮಾಡಿಸುತ್ತಾನೆ. ಅವನು ಕೊಲೆಗಾರನಲ್ಲ, ನಿಜ. ಆದರೆ ಅವನನ್ನು ಕಂಡು ಹುಡುಗಿ ಹೆದರಿದ್ದು ಪೂರ್ತಿ ತಪ್ಪೂ ಆಗಿರಲಿಲ್ಲ.

ವಾರಪತ್ರಿಕೆಯ ಧಾರಾವಾಹಿಗಾಗಿ ಕಾಯುವವರಿಗೆ ವಿಲ್ಕಿ ಕಾಲಿನ್ಸನ ‘ದಿ ವುಮನ್ ಇನ್ ವೈಟ್’ ಹತ್ತಿರದ ನೆಂಟ. 1859ರ ನವೆಂಬರಿನಿಂದ ಮುಂದಿನ ವರ್ಷದವರೆಗೆ ಅದು ಚಾರ್ಲ್ಸ್ ಡಿಕನ್ಸರ ವಾರಪತ್ರಿಕೆಯಲ್ಲಿ ಕಂತುಕಂತಾಗಿ ಬಂದಿತು. ಅರ್ಧರಾತ್ರಿಯ ನಿರ್ಜನ ರಸ್ತೆಯಲ್ಲಿ ಬಿಳಿಯುಡುಗೆಯ ಹೆಂಗಸೊಬ್ಬಳು ಹಿಂದಿನಿಂದ ಬಂದು ಭುಜ ಮುಟ್ಟುವ ಸನ್ನಿವೇಶ ಓದಿ ಲಂಡನ್ ನಗರವೇ ಬೆಚ್ಚಿತು. ಆ ಹೆಸರಿನಲ್ಲಿ ಸುಗಂಧದ್ರವ್ಯ, ಟೋಪಿ, ನಿಲುವಂಗಿಗಳೂ ಮಾರಾಟಕ್ಕೆ ಬಂದವು. ಅಲ್ಲಿಯೂ ದೆವ್ವವಿಲ್ಲ, ಇರುವುದು ಇಪ್ಪತ್ತು ಸಾವಿರ ಪೌಂಡಿಗಾಗಿ ಹೆಂಡತಿಯನ್ನು ಬೇರೊಬ್ಬಳ ಹೆಸರಿನಲ್ಲಿ ಹುಚ್ಚಾಸ್ಪತ್ರೆಗೆ ಸೇರಿಸುವ ಗಂಡ.

ಇವರೆಲ್ಲರೂ ದೆವ್ವಕ್ಕೆ ಕಾರಣ ಕೊಟ್ಟವರು. ಕಾರಣ ಕೊಡದೆ ಬಿಟ್ಟ ಧೈರ್ಯಶಾಲಿ ಶಾರ್ಲಟ್ ಬ್ರಾಂಟೆ. 1847ರ ‘ಜೇನ್ ಐರ್’ನಲ್ಲಿಯೂ ಮೂರನೆಯ ಮಹಡಿಯ ಅಟ್ಟಹಾಸಕ್ಕೆ ವಿವರಣೆ ಉಂಟು: ಬೀಗ ಹಾಕಿದ ಕೋಣೆಯಲ್ಲಿರುವುದು ಭೂತವಲ್ಲ, ಯಜಮಾನ ರಾಚೆಸ್ಟರನ ಹುಚ್ಚು ಹಿಡಿದ ಮೊದಲ ಹೆಂಡತಿ. ಆದರೆ ಕಥೆಯ ಕೊನೆಗೆ, ಬಲುದೂರದ ಊರಿನಲ್ಲಿ ಇನ್ನೊಬ್ಬನ ಮದುವೆಯ ಮಾತಿಗೆ ಒಪ್ಪಲಿದ್ದ ಜೇನಳಿಗೆ, ತನ್ನ ಹೆಸರನ್ನು ಕೂಗುವ ರಾಚೆಸ್ಟರನ ದನಿ ಕೇಳಿಸುತ್ತದೆ. ಅದೇ ರಾತ್ರಿ, ಕುರುಡನಾಗಿ ಕುಳಿತಿದ್ದ ಆತ ನಿಜವಾಗಿ ಅವಳ ಹೆಸರು ಕೂಗಿದ್ದನೆಂದು ಅನಂತರ ತಿಳಿಯುತ್ತದೆ. ಇದು ಹೇಗಾಯಿತು? ಲೇಖಕಿ ಮೌನ. ಪ್ರೇಮವೆಂಬುದೇ ಅತಿಮಾನುಷವಾದೀತು, ದೂರವನ್ನೂ ಗೋಡೆಯನ್ನೂ ದಾಟೀತು ಎಂಬ ಆಸೆಗೆ ಆ ಒಂದು ಕೂಗು ಬಾಗಿಲು ತೆರೆಯಿತು. ಹಿಂದಿನವರ ಅತಿಮಾನುಷ ಹೆದರಿಸುತ್ತಿತ್ತು. ಬ್ರಾಂಟೆಯ ಅತಿಮಾನುಷ ಕೈಹಿಡಿದು ಮನೆಗೆ ಕರೆತರುತ್ತದೆ.

ಹೆಸರಿಲ್ಲದ ಹೆಂಡತಿ

ದೆವ್ವವೇ ಇಲ್ಲದ ಅತ್ಯುತ್ತಮ ದೆವ್ವದ ಕಥೆ ಯಾವುದು ಎಂದು ಕೇಳಿದರೆ ಡಾಫ್ನೆ ಡು ಮಾರಿಯೇ ಅವರ ‘ರೆಬೆಕ’ ಎನ್ನಬೇಕಾಗುತ್ತದೆ. ಸೇನಾಧಿಕಾರಿಯಾಗಿದ್ದ ಗಂಡನೊಡನೆ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿದ್ದಾಗ, ಆ ಸೆಖೆಯಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲ್ ಕಡಲ ತೀರವನ್ನು ನೆನೆದು ಕೊರಗುತ್ತ ಆಕೆ ಬರೆಯತೊಡಗಿದ ಕಥೆ ಅದು. ಗಂಡನಿಗೆ ಹಿಂದೆ ಬೇರೊಬ್ಬ ಚೆಲುವೆಯೊಡನೆ ನಿಶ್ಚಿತಾರ್ಥವಾಗಿತ್ತು. ಆ ನೆನಪಿನ ಮುಳ್ಳು ಕಥೆಗೆ ಬೀಜವಾಯಿತು. ಪುಸ್ತಕ 1938ರಲ್ಲಿ ಪ್ರಕಟವಾಯಿತು.

ಕಥೆ ಹೇಳುವವಳಿಗೆ ಹೆಸರೇ ಇಲ್ಲ. ಬಡ ಹುಡುಗಿ, ಶ್ರೀಮಂತ ವಿಧುರನನ್ನು ಮದುವೆಯಾಗಿ ಮ್ಯಾಂಡರ್ಲಿ ಎಂಬ ಭವ್ಯ ಭವನಕ್ಕೆ ಬರುತ್ತಾಳೆ. ಸತ್ತುಹೋದ ಮೊದಲ ಹೆಂಡತಿ ರೆಬೆಕಳಿಗಾದರೋ ಎಲ್ಲೆಲ್ಲಿಯೂ ಹೆಸರು. ಕರವಸ್ತ್ರದ ಕಸೂತಿಯಲ್ಲಿ ಅವಳ ಹೆಸರಿನ ಮೊದಲಕ್ಷರ. ಬರೆಯುವ ಮೇಜಿನ ಕಾಗದಗಳಲ್ಲಿ ಅವಳ ಕೈಬರಹ. ಅಡಿಗೆ ಏನಾಗಬೇಕೆಂಬುದರಿಂದ ಹಿಡಿದು ಹೂದಾನಿ ಎಲ್ಲಿರಬೇಕೆಂಬುದರವರೆಗೆ ಎಲ್ಲಕ್ಕೂ, ಅವಳಿದ್ದಾಗ ಹೀಗಿತ್ತು ಎಂಬ ಒಂದೇ ಉತ್ತರ. ಮನೆವಾರ್ತೆಯ ಮೇಲ್ವಿಚಾರಕಿ ಮಿಸೆಸ್ ಡ್ಯಾನ್ವರ್ಸ್ ಸತ್ತವಳ ಕೋಣೆಯನ್ನು ಗುಡಿಯಂತೆ ಕಾಯುತ್ತಾಳೆ; ಹಾಸಿಗೆಯ ಮೇಲೆ ರಾತ್ರಿಯ ಉಡುಪು ಇಂದೂ ಸಿದ್ಧವಾಗಿದೆ. ಮನೆಯಲ್ಲಿ ದೊಡ್ಡ ಔತಣ ನಡೆಯುವ ದಿನ, ಇವಳ ಮಾತಿಗೆ ಮರುಳಾಗಿ ಹೊಸ ಹೆಂಡತಿ ಭಾವಚಿತ್ರವೊಂದರಲ್ಲಿದ್ದ ಉಡುಪಿನಂಥದನ್ನೇ ಹೊಲಿಸಿಕೊಂಡು, ಎಲ್ಲರೂ ಮೆಚ್ಚುವರೆಂಬ ಉತ್ಸಾಹದಿಂದ ಮಹಡಿ ಇಳಿದು ಬರುತ್ತಾಳೆ. ಗಂಡನ ಮುಖ ಬಿಳಿಚಿಕೊಳ್ಳುತ್ತದೆ. ರೆಬೆಕ ತನ್ನ ಕೊನೆಯ ಔತಣಕ್ಕೆ ತೊಟ್ಟಿದ್ದ ಉಡುಪೂ ಅದೇ ಆಗಿತ್ತು!

ಯಾವ ಪ್ರೇತವೂ ಮಾಡಲಾರದ ಕೆಲಸವನ್ನು ಇಲ್ಲಿ ಒಂದು ಉಡುಪು ಮಾಡುತ್ತದೆ. ಎರಡನೆಯ ಸಂಬಂಧಕ್ಕೆ ಕೊಟ್ಟ ಹುಡುಗಿಯರನ್ನು ಕಂಡ ಕುಟುಂಬಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಡುಮನೆಯಲ್ಲಿ ಹಾರ ಹಾಕಿದ ಮೊದಲನೆಯವಳ ಪಟ. ಹಬ್ಬದ ದಿನ ಅದಕ್ಕೆ ಕುಂಕುಮವಿಡಬೇಕಾದವಳು ಹೊಸಬಳೇ. ಸಾರಿಗೆ ಉಪ್ಪು ಹೆಚ್ಚಾದರೆ ಹಿರಿಯರ ಬಾಯಿಂದ ಹೊರಡುವ ಒಂದು ನಿಟ್ಟುಸಿರು. ಮೊದಲ ಸಂಬಂಧಕ್ಕೇ ಬಂದವಳಿಗೂ ಗಂಡನ ಮನೆ ಎಂದರೆ ತಾನು ಬರುವ ಮೊದಲೇ ನಡೆದುಹೋದ ಒಂದು ಕಥೆ. ಅದರ ಕೆಲವು ಅಧ್ಯಾಯಗಳನ್ನು ಯಾರೂ ಅವಳಿಗೆ ಹೇಳುವುದಿಲ್ಲ. ಮ್ಯಾಂಡರ್ಲಿಯ ಬೀಗ ಹಾಕಿದ ಕೋಣೆ ಅದೇ.

ಆದರೆ ಮೆಚ್ಚಿಕೆಯ ನಡುವೆ ಒಂದು ಅಳುಕನ್ನು ಮುಚ್ಚಿಡಬಾರದು. ರೆಬೆಕಳನ್ನು ಗುಂಡಿಟ್ಟು ಕೊಂದವನು ತಾನೇ ಎಂದು ಗಂಡ ಒಪ್ಪಿಕೊಂಡಾಗ ಹೊಸ ಹೆಂಡತಿ ಏನು ಮಾಡುತ್ತಾಳೆ? ಅವನು ರೆಬೆಕಳನ್ನು ಎಂದೂ ಪ್ರೀತಿಸಿರಲಿಲ್ಲ ಎಂಬ ಒಂದೇ ಮಾತಿಗೆ ಅವಳ ಮನಸ್ಸು ಹಗುರವಾಗುತ್ತದೆ! ಓದುಗರೂ ಉಸಿರು ಬಿಗಿಹಿಡಿದು ಕೊಲೆಗಾರ ಪಾರಾಗಲಿ ಎಂದು ಹಾರೈಸುತ್ತಾರೆ. 1940ರಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ಇದನ್ನು ಚಲನಚಿತ್ರವಾಗಿಸಿದಾಗ, ಹೆಂಡತಿಯನ್ನು ಕೊಂದವನು ಶಿಕ್ಷೆಯಿಲ್ಲದೆ ಉಳಿಯುವುದನ್ನು ಅಂದಿನ ಹಾಲಿವುಡ್ ನಿಯಮಗಳು ಒಪ್ಪದ ಕಾರಣ, ಸಾವನ್ನು ಆಕಸ್ಮಿಕವೆಂದು ತಿದ್ದಬೇಕಾಯಿತು. ಚಿತ್ರಕ್ಕೆ ಆಸ್ಕರ್ ಪ್ರಶಸ್ತಿಯೂ ಬಂದಿತು. ತಿದ್ದುಪಡಿಯಿಂದ ಕಥೆ ಸಪ್ಪೆಯಾಯಿತೆಂದು ಗೊಣಗುವವರು, ತಾವು ಯಾರ ಪರ ಗೊಣಗುತ್ತಿದ್ದೇವೆಂದು ಒಮ್ಮೆ ಯೋಚಿಸಬೇಕು. ಸತ್ತವಳ ಕಥೆಯನ್ನು ಕೊಂದವನ ಬಾಯಿಂದಲ್ಲದೆ ಯಾರೂ ಕೇಳಲಿಲ್ಲ. ಬ್ರಾಂಟೆಯ ಮಹಡಿಯ ಹುಚ್ಚಿಯ ಕಥೆಯೂ ಹಾಗೆಯೇ ಇತ್ತು. ವೆಸ್ಟ್ ಇಂಡೀಸಿನ ಡೊಮಿನಿಕದಲ್ಲಿ ಹುಟ್ಟಿದ ಜೀನ್ ರೀಸ್ 1966ರಲ್ಲಿ ‘ವೈಡ್ ಸರ್ಗ್ಯಾಸೊ ಸೀ’ ಬರೆದು, ಆ ಕೋಣೆಯ ಬೀಗವನ್ನು ಒಳಗಿನಿಂದ ತೆಗೆಸಿದರು.

ಹಿಂದೀ ಚಿತ್ರರಂಗವೂ ರೆಬೆಕಳನ್ನು ಬಿಡಲಿಲ್ಲ. 1964ರ ‘ಕೋಹರಾ’ ಚಿತ್ರದಲ್ಲಿ ಹೊಸ ಹೆಂಡತಿಯಾಗಿ ವಹೀದಾ ರೆಹಮಾನ್, ಮನೆವಾರ್ತೆಯ ಹೆಂಗಸಾಗಿ ಲಲಿತಾ ಪವಾರ್. ಆ ಒಂದು ಕಣ್ಣಿನ ನೋಟವನ್ನು ಕಂಡವರು ಮಿಸೆಸ್ ಡ್ಯಾನ್ವರ್ಸಳನ್ನು ಬೇರೆ ರೂಪದಲ್ಲಿ ಊಹಿಸಿಕೊಳ್ಳಲಾರರು.

1960ರಲ್ಲಿ ‘ಮಿಸ್ಟ್ರೆಸ್ ಆಫ್ ಮೆಲಿನ್’ ಎಂಬ ಕಾದಂಬರಿ ವಿಕ್ಟೋರಿಯಾ ಹೋಲ್ಟ್ ಎಂಬ ಅಜ್ಞಾತ ಹೆಸರಿನಲ್ಲಿ ಬಂದಾಗ, ಇದು ಡು ಮಾರಿಯೇ ಅವರೇ ಗುಟ್ಟಾಗಿ ಬರೆದುದೆಂದು ಹಲವರು ನಂಬಿದರು. ಅದೇ ಕಾರ್ನ್‌ವಾಲ್, ಅದೇ ಹಳೆಯ ಮನೆ, ಪಾಠ ಹೇಳಲು ಬಂದ ಬಡ ಹುಡುಗಿ, ಹೆಂಡತಿ ಸತ್ತ ಗಂಭೀರ ಯಜಮಾನ. ಬರೆದವರು ಜೀನ್ ಪ್ಲೇಡಿ ಎಂಬ ಹೆಸರಿನಲ್ಲಿ ಐತಿಹಾಸಿಕ ಕಾದಂಬರಿಗಳನ್ನು ಬರೆಯುತ್ತಿದ್ದ ಎಲಿನರ್ ಹಿಬರ್ಟ್. ಬೆಂಗಳೂರಿನ ಬಾಡಿಗೆ ಪುಸ್ತಕಾಲಯಗಳ ಕಪಾಟುಗಳಲ್ಲಿಯೂ, ಬೆನ್ನು ಸವೆದು ಅಂಟುಪಟ್ಟಿ ಹಚ್ಚಿಸಿಕೊಂಡ ವಿಕ್ಟೋರಿಯಾ ಹೋಲ್ಟ್ ಪುಸ್ತಕಗಳು ಬಹುಕಾಲ ಕಾಣಸಿಗುತ್ತಿದ್ದವು. ಕಾಲೇಜು ಹುಡುಗಿಯರೂ ಅವರ ತಾಯಂದಿರೂ ಜಗಳವಿಲ್ಲದೆ ಹಂಚಿಕೊಂಡು ಓದಬಹುದಾದ ಪುಸ್ತಕಗಳಲ್ಲವೇ ಅವು?

ಓಡುವ ಹುಡುಗಿಯ ಮುಖಚಿತ್ರಗಳ ಸುಗ್ಗಿ ತೊಡಗಿದ್ದು ಇಲ್ಲಿಂದ. ಈ ರಾಶಿಯನ್ನು ನಗದೆ ಓದಿದವರಲ್ಲಿ ಜೋಆನ ರಸ್ ಎಂಬ ಅಮೆರಿಕನ್ ಲೇಖಕಿ ಮುಖ್ಯರು. ಯಾರೋ ನನ್ನನ್ನು ಕೊಲ್ಲಲು ಯತ್ನಿಸುತ್ತಿದ್ದಾರೆ, ಅದು ನನ್ನ ಗಂಡನೇ ಇರಬೇಕು ಎಂಬ ಅರ್ಥದ ಶೀರ್ಷಿಕೆಯಿಟ್ಟು 1973ರಲ್ಲಿ ಅವರು ಪ್ರಬಂಧ ಬರೆದರು. ಶೀರ್ಷಿಕೆಯಲ್ಲಿ ಹಾಸ್ಯವಿದೆ, ಒಳಗೆ ಬಹಳ ಗಂಭೀರವಾದ ಅವಲೋಕನವಿದೆ. ಈ ಕಥೆಗಳಲ್ಲಿ ಸಾಮಾನ್ಯವಾಗಿ ಇಬ್ಬರು ಗಂಡಸರು: ಒಬ್ಬ ಸಿಡುಕ, ಮೌನಿ, ಸಂದೇಹಾಸ್ಪದ, ಇನ್ನೊಬ್ಬ ಮೃದುಭಾಷಿ, ಸ್ನೇಹಮಯಿ. ಕೊನೆಗೆ ಮೃದುಭಾಷಿಯೇ ಕೊಲೆಗಾರ, ಸಿಡುಕನೇ ಪ್ರೇಮಿ. ನಾಯಕಿ ಮಾಡುವುದೇನೆಂದರೆ, ಮುಖಗಳನ್ನು ಓದುವುದು. ದನಿಯ ಏರಿಳಿತ, ಹುಬ್ಬಿನ ಗಂಟು, ತಟ್ಟೆಯಲ್ಲಿ ಬಿಟ್ಟ ಊಟ, ಇವುಗಳಿಂದ ಮನೆಯವರ ಮನಸ್ಸನ್ನು ಅಳೆಯುವುದು ಸಂಸಾರಸ್ಥ ಹೆಣ್ಣು ದಿನವೂ ಮಾಡುವ, ಯಾರೂ ಸಂಬಳ ಕೊಡದ, ಯಾರೂ ಗುರುತಿಸದ ದುಡಿಮೆ. ಈ ಕಾದಂಬರಿಗಳಲ್ಲಿ ಅದೇ ವಿದ್ಯೆ ಪ್ರಾಣ ಉಳಿಸುತ್ತದೆ. ಗೃಹಿಣಿಯು ಬಿಡುವಿನ ಹೊತ್ತಿನಲ್ಲಿ ಈ ಕಥೆಯನ್ನೇ ಏಕೆ ಆರಿಸುತ್ತಾಳೆಂಬ ಪ್ರಶ್ನೆಗೆ ಇದಕ್ಕಿಂತ ಸಮರ್ಪಕವಾದ ಉತ್ತರ ದೊರೆಯುವುದು ಕಷ್ಟ. ಎಲ್ಲಿಗೋ ಓಡಿಹೋಗುವ ಕಥೆಯಂತೆ ಹೊರಗೆ ಕಂಡರೂ, ಒಳಗೆ ಅದು ಅವಳ ಕಸುಬಿನ ಕಥೆ.

ದೆವ್ವವೇ ನಾಯಕನಾದಾಗ

ಕ್ರಮೇಣ ದೆವ್ವಕ್ಕೆ ಕಾರಣ ಕೊಡುವ ಪದ್ಧತಿ ಸಡಿಲವಾಯಿತು. ವಿಚಿತ್ರವೆಂದರೆ, ಹಾಗೆ ಸಡಿಲಿಸಿದವರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದಿಂದ ಪ್ರಾಚೀನ ಈಜಿಪ್ಟಿನ ಅಧ್ಯಯನಕ್ಕೆ ಡಾಕ್ಟರೇಟ್ ಪಡೆದ ವಿದುಷಿಯೊಬ್ಬರೂ ಇದ್ದರು. ಬಾರ್ಬರಾ ಮರ್ಟ್ಸ್ ಅವರು ಬಾರ್ಬರಾ ಮೈಕಲ್ಸ್ ಎಂಬ ಹೆಸರಿನಲ್ಲಿ 1968ರಲ್ಲಿ ಬರೆದ ‘ಆ್ಯಮಿ, ಕಮ್ ಹೋಮ್’ ಕಾದಂಬರಿಯಲ್ಲಿ ವಾಷಿಂಗ್ಟನ್ನಿನ ಹಳೆಯ ಮನೆಯೊಂದನ್ನು ಕಾಡುವ ಪ್ರೇತ ನಿಜವಾದ ಪ್ರೇತವೇ. ಹಳೆಯ ಅನ್ಯಾಯವೊಂದು ಬಯಲಾಗುವವರೆಗೆ ಅದು ತಣಿಯುವುದಿಲ್ಲ. ಪ್ರೇಮದಲ್ಲಿ ಬೀಳುವವರಾದರೂ ಯಾರು? ನಡುವಯಸ್ಸು ದಾಟುತ್ತಿರುವ ಒಬ್ಬ ವಿಧವೆ ಮತ್ತು ಒಬ್ಬ ಪ್ರಾಧ್ಯಾಪಕ. ಹದಿನೆಂಟರ ಹುಡುಗಿಯರಿಗೆ ಮಾತ್ರ ಮೀಸಲಾಗಿದ್ದ ಬಂಗಲೆಯೊಳಕ್ಕೆ ನಲವತ್ತು ದಾಟಿದವಳಿಗೂ ಪ್ರವೇಶ ದೊರೆತದ್ದು ಸಣ್ಣ ಸಂಗತಿಯಲ್ಲ.

ಮೇರಿ ಸ್ಟೂವರ್ಟ್ ಅವರ ‘ಟಚ್ ನಾಟ್ ದ ಕ್ಯಾಟ್’ (1976) ಈ ಜಾತಿಯ ಅತ್ಯಂತ ಸೊಗಸಾದ ಕಲ್ಪನೆಗಳಲ್ಲಿ ಒಂದು. ನಾಯಕಿ ಬ್ರಯೊನಿಗೆ ವಂಶಪಾರಂಪರ್ಯವಾಗಿ ಬಂದ ಶಕ್ತಿಯೊಂದಿದೆ. ಬಾಲ್ಯದಿಂದ ಯಾರೋ ಒಬ್ಬನ ಮನಸ್ಸು ಅವಳ ಮನಸ್ಸಿನೊಡನೆ ಮಾತಿಲ್ಲದೆ ಮಾತನಾಡುತ್ತದೆ. ಅವನು ತನ್ನ ಮನೆತನದವನೇ, ತನ್ನನ್ನು ಪ್ರೀತಿಸುವವನೇ. ಆದರೆ ಯಾರೆಂಬುದು ಮಾತ್ರ ತಿಳಿಯದು. ತಂದೆ ಅನುಮಾನಾಸ್ಪದವಾಗಿ ಸತ್ತ ಮೇಲೆ ಹಳೆಯ ಮನೆಗೆ ಮರಳಿದ ಅವಳ ಮುಂದೆ ದಾಯಾದಿಗಳು ನಿಂತಿದ್ದಾರೆ. ಇವರಲ್ಲಿ ಒಬ್ಬ ತನ್ನ ಒಳದನಿಯೋ? ಒಬ್ಬ ತನ್ನ ಶತ್ರುವೋ? ಎರಡೂ ಒಬ್ಬನೇ ಆಗಿದ್ದರೆ? ಉತ್ತರವನ್ನು ಇಲ್ಲಿ ಹೇಳುವುದು ಓದದವರಿಗೆ ಮಾಡುವ ದ್ರೋಹ. ಜೇನ್ ಐರ್ ಒಮ್ಮೆ ಕೇಳಿದ ಕೂಗನ್ನು ಸ್ಟೂವರ್ಟ್ ಇಡೀ ಪುಸ್ತಕದುದ್ದಕ್ಕೂ ಕೇಳಿಸಿದರು ಎಂದರೆ ಸಾಕು.

ಅಲ್ಲಿಂದ ಮುಂದೆ ದೆವ್ವವೇ ನಾಯಕನ ಸ್ಥಾನಕ್ಕೆ ಬಡ್ತಿ ಪಡೆಯಿತು. 1897ರ ಬ್ರ್ಯಾಮ್ ಸ್ಟೋಕರನ ಡ್ರ್ಯಾಕುಲಾ ಕೊಲ್ಲಬೇಕಾದ ಪಿಶಾಚಿ. 2005ರಲ್ಲಿ ಬಂದ ಸ್ಟೆಫನಿ ಮೇಯರ್ ಅವರ ‘ಟ್ವಿಲೈಟ್’ನ ಎಡ್ವರ್ಡ್ ಮದುವೆಯಾಗಬೇಕಾದ ಪಿಶಾಚಿ. ರಕ್ತದ ದಾಹವನ್ನು ಪ್ರೇಮಕ್ಕಾಗಿ ಅದುಮಿಟ್ಟುಕೊಂಡ ಸುಂದರ ತರುಣನ ಈ ಕಥೆಗೆ ಜಗತ್ತಿನ ಹದಿಹರೆಯವೇ ಮರುಳಾಯಿತು. ಅಪಾಯಕಾರಿಯಾದ ಗಂಡು ತನ್ನೊಬ್ಬಳ ಮುಂದೆ ಸಾಧುವಾಗಬೇಕೆಂಬ ಆಸೆ ಹಳೆಯದೇ. ಆದರೆ ಹುಡುಗಿಗೆ ತಿಳಿಯದಂತೆ ಅವಳ ಕೋಣೆಗೆ ನುಗ್ಗಿ, ರಾತ್ರಿಯೆಲ್ಲ ಅವಳು ನಿದ್ರಿಸುವುದನ್ನು ನೋಡುತ್ತ ಕೂರುವುದನ್ನು ಪ್ರೇಮದ ಪರಾಕಾಷ್ಠೆ ಎಂದು ಬಣ್ಣಿಸಿದಾಗ, ಅದು ಪೊಲೀಸರಿಗೆ ದೂರು ಕೊಡಬೇಕಾದ ನಡತೆ ಎಂದು ಯಾರಾದರೂ ಹೇಳಬೇಕಿತ್ತು. ಎಮಿಲಿಗೂ ಜೇನಳಿಗೂ ಇದ್ದ ಸಂದೇಹವೆಂಬ ಆಯುಧವನ್ನು ಈ ಕಥೆಗಳು ಮೆಲ್ಲಗೆ ನಾಯಕಿಯ ಕೈಯಿಂದ ಕಸಿದುಕೊಳ್ಳುತ್ತವೆ. ಸಂದೇಹವಿಲ್ಲದ ಮೇಲೆ ಕೌತುಕವೆಲ್ಲಿ?

ಇಷ್ಟೆಲ್ಲ ಇಂಗ್ಲಿಷಿನ ಸರಕು, ಕನ್ನಡಿಗರಿಗೆ ಇದರ ಗೊಡವೆ ಏಕೆ ಎನ್ನುವವರು ಅಜ್ಜಿಯರು ಹೇಳುತ್ತಿದ್ದ ಕಥೆಗಳನ್ನು ಮರೆತವರು. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಕನ್ನಡ ಜನಪದ ಕಥೆಗಳನ್ನು ಆಧರಿಸಿ ಗಿರೀಶ ಕಾರ್ನಾಡರು 1988ರಲ್ಲಿ ‘ನಾಗಮಂಡಲ’ ನಾಟಕ ಬರೆದರು. 1997ರಲ್ಲಿ ನಾಗಾಭರಣರ ನಿರ್ದೇಶನದಲ್ಲಿ ಅದು ಚಲನಚಿತ್ರವೂ ಆಯಿತು. ಹೊಸದಾಗಿ ಮದುವೆಯಾಗಿ ಬಂದ ರಾಣಿಯನ್ನು ಗಂಡ ಅಪ್ಪಣ್ಣ ಮನೆಯೊಳಗಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾನೆ. ಮಧ್ಯಾಹ್ನದ ಊಟಕ್ಕೆ ಬರುತ್ತಾನೆ, ಉಂಡು 'ಸೂಳೆ'ಯ ಮನೆಗೆ ಹೊರಡುತ್ತಾನೆ. ಇಲ್ಲಿ ಬೀಗ ಬಿದ್ದಿರುವುದು ಒಂದು ಕೋಣೆಗಲ್ಲ, ಇಡೀ ಸಂಸಾರಕ್ಕೆ. ಕುರುಡವ್ವ ಕೊಟ್ಟ ವಶೀಕರಣದ ಬೇರನ್ನು ಅರೆದು ಸಾರಿಗೆ ಹಾಕಿದ ರಾಣಿ, ಅದರ ಬಣ್ಣ ಕಂಡು ಗಂಡನಿಗೆ ಕೇಡಾದೀತೆಂದು ಹೆದರಿ, ಹೊರಗೊಯ್ದು ಹುತ್ತಕ್ಕೆ ಸುರಿಯುತ್ತಾಳೆ. ಹುತ್ತದ ನಾಗ ಅದನ್ನು ಕುಡಿದು ಅವಳಿಗೆ ಒಲಿಯುತ್ತದೆ. ರಾತ್ರಿಯಾದರೆ ಅಪ್ಪಣ್ಣನ ರೂಪ ಧರಿಸಿ ಬಂದು ಅವಳ ಕಷ್ಟಸುಖ ವಿಚಾರಿಸುತ್ತದೆ, ಪ್ರೀತಿಸುತ್ತದೆ.

ಹಗಲಿನ ಗಂಡ ಕ್ರೂರಿ, ರಾತ್ರಿಯ ಗಂಡ ಕರುಣಾಳು. ಮುಖ ಒಂದೇ. ಈ ಎರಡರಲ್ಲಿ ತಾನು ಮದುವೆಯಾದದ್ದು ಯಾವುದನ್ನು? ರ‍್ಯಾಡ್‌ಕ್ಲಿಫ್ ನಾಲ್ಕು ಸಂಪುಟಗಳಲ್ಲಿ, ಡು ಮಾರಿಯೇ ಮ್ಯಾಂಡರ್ಲಿಯ ಕೋಣೆಕೋಣೆಗಳಲ್ಲಿ ಹುಡುಕಿದ ಪ್ರಶ್ನೆಯನ್ನು ನಮ್ಮ ಹಳ್ಳಿಯ ಹೆಂಗಸರು ದೀಪ ಆರಿಸುವ ಹೊತ್ತಿನ ಒಂದು ಕಥೆಯಲ್ಲಿ ಕಟ್ಟಿಕೊಟ್ಟಿದ್ದಾರೆ. ಅದೂ ಕಾರಣ ಕೊಡುವ ತಂಟೆಗೇ ಹೋಗದೆ. ರಾಣಿಗೆ ಪ್ರಶ್ನೆ ಕೇಳುವ ಅಪ್ಪಣೆಯಿಲ್ಲ. ಗರ್ಭಿಣಿಯಾದಾಗ, ಹಗಲಿನ ಗಂಡ ಅವಳನ್ನು ಜಾರಿಣಿ ಎಂದು ಪಂಚಾಯತಿಯ ಮುಂದೆ ನಿಲ್ಲಿಸುತ್ತಾನೆ. ಅವಳು ಹುತ್ತಕ್ಕೆ ಕೈಯಿಟ್ಟು ನಾಗನನ್ನು ಹಿಡಿದು, ಗಂಡನನ್ನೂ ಈ ನಾಗನನ್ನೂ ಬಿಟ್ಟು ಯಾರನ್ನೂ ಮುಟ್ಟಿದವಳಲ್ಲ ಎಂದು ಆಣೆಯಿಡುತ್ತಾಳೆ. ಆ ಮಾತು ಅಕ್ಷರಶಃ ಸತ್ಯ! ಊರು ಅವಳನ್ನು ದೇವಿಯೆಂದು ಪೂಜಿಸುತ್ತದೆ, ಅಪ್ಪಣ್ಣ ಕಾಲಿಗೆ ಬೀಳುತ್ತಾನೆ, ಮಗು ಹುಟ್ಟುತ್ತದೆ.

ಅಷ್ಟಕ್ಕೆ ಕಥೆ ಮುಗಿದಂತಾಯಿತೆ? ನಾಟಕದಲ್ಲಿ ಈ ಕಥೆಯನ್ನು ಕೇಳುತ್ತ ಕುಳಿತಿರುವವರು, ಮನೆಮನೆಗಳಲ್ಲಿ ಆರಿಸಿದ ಮೇಲೆ ಪಾಳುಗುಡಿಯಲ್ಲಿ ಸೇರುವ ದೀಪದ ಜ್ವಾಲೆಗಳು. ಅವು ಒಪ್ಪುವುದಿಲ್ಲ. ನಾಗನ ಗತಿ ಏನಾಯಿತು ಎಂದು ಕೇಳುತ್ತವೆ. ವಿರಹ ತಾಳಲಾರದೆ ನಾಗ ರಾಣಿಯ ಕೂದಲಿಗೇ ಸುತ್ತಿಕೊಂಡು ಸತ್ತಿತು ಎಂಬ ಮುಕ್ತಾಯವೂ ಅವುಗಳಿಗೆ ಹಿಡಿಸುವುದಿಲ್ಲ. ಆಗ ಇನ್ನೊಂದು ಮುಕ್ತಾಯ ಬರುತ್ತದೆ. ತಲೆ ಬಾಚಿಕೊಳ್ಳುತ್ತಿದ್ದ ರಾಣಿಯ ಕೂದಲಿನಿಂದ ನಾಗ ಕೆಳಗೆ ಬೀಳುತ್ತದೆ. ಅಪ್ಪಣ್ಣ ಬಡಿಯಲು ಕೋಲು ತರುವುದಕ್ಕೆ ಓಡುತ್ತಾನೆ. ಅವನು ಮರಳುವಷ್ಟರಲ್ಲಿ ರಾಣಿ ಅದನ್ನು ಮೆಲ್ಲನೆ ಎತ್ತಿ ತನ್ನ ದಟ್ಟವಾದ ಹೆರಳಿನೊಳಗೆ ಬಚ್ಚಿಟ್ಟು, ಸೆರಗು ಹೊದ್ದು, ಹಾವು ಬಚ್ಚಲಿನ ಕಡೆಗೆ ಹೋಯಿತೆಂದು ಗಂಡನಿಗೆ ಕೈ ತೋರಿಸುತ್ತಾಳೆ.